ತಂತಿಯ ಹೊರಗಿನ ಬಾವಿ

ತಾತೋಬಾನ ಮನೆಯವರು ಬೇಲಿ ಹಾಕುವವರು. ನೂಲು ಎಂಬ ಊರಿನ ಸುತ್ತಲಿನ ಏಳೆಂಟು ಹಳ್ಳಿಗಳಲ್ಲಿ ಕಬ್ಬಿನ ಹೊಲಕ್ಕೆ ಮುಳ್ಳುತಂತಿ ಬಿಗಿದಿದ್ದರೆ, ಬಿಗಿದವರು ಅವರೇ. ಒಂದು ಹೊಲ ಸುತ್ತುವರಿಯಲು ಎಂಟು ದಿನ ಹಿಡಿಯುತ್ತಿತ್ತು. ಆ ಎಂಟು ದಿನ ಅವರು ಹೊಲದೊಳಗೆ ಓಡಾಡಬಹುದು. ಕೊನೆಯ ದಿನ, ಕೊನೆಯ ಗಂಟಿನ ಹೊತ್ತಿಗೆ ಹಾರೆ, ಗುದ್ದಲಿ, ಬುಟ್ಟಿಗಳನ್ನು ತಂತಿಯ ಮೇಲಿಂದ ಆಚೆ ಒಗೆದು, ತಾವೂ ಆಚೆ ಹೋಗಿ, ಹೊರಗೆ ನಿಂತು ಗಂಟು ಹಾಕಬೇಕು. ಅದು ಪದ್ಧತಿ. ಗಂಟು ಬಿದ್ದ ಮೇಲೆ ಅವರ ನೆರಳು ಆ ಹೊಲದಲ್ಲಿ ಕಂಡರೂ ಬೈಗುಳ. ತಮ್ಮನ್ನು ತಾವೇ ಹೊರಗೆ ಹಾಕಿಕೊಳ್ಳುವ ಕೆಲಸಕ್ಕೆ ಅವರು ಕೂಲಿ ಪಡೆಯುತ್ತಿದ್ದರು.

ಪಾರುಬಾಯಿ ಆ ಮನೆಯ ಸೊಸೆ. ತವರು ಯಡ್ರಾವ. ಮಗ್ಗದ ನೂಲು ಸುತ್ತಿ ಬೆಳೆದ ಕೈ ಅವಳದು. ಮದುವೆಯಾಗಿ ಬಂದ ಮೂರನೆಯ ದಿನ ಅತ್ತೆ ಬಯಾಬಾಯಿ ಅವಳ ಅಂಗೈಗೆ ಗೋಣಿಯ ಚೂರು ಸುತ್ತಿ ಮುಳ್ಳುತಂತಿ ಹಿಡಿಸಿದಳು. ಗೋಣಿ ಎಷ್ಟೆಂದು ತಡೆಯುತ್ತದೆ? ವರ್ಷದೊಳಗೆ ಗಾಯದ ಮೇಲೆ ಗಾಯ. ರೊಟ್ಟಿ ಬಡಿಯುವಾಗ ಹಿಟ್ಟಿನಲ್ಲಿ ಕೆಂಪು ಕಾಣುತ್ತಿತ್ತು. ಮನೆಯವರು ಅದನ್ನೇ ತಿಂದು ಕೆಲಸಕ್ಕೆ ಹೋಗುತ್ತಿದ್ದರು.

ಕಂಬ ಕಲ್ಲಿನದು. ಆಳೆತ್ತರದ ಕಲ್ಲನ್ನು ಬೊಂಬಿಗೆ ಜೋತುಹಾಕಿ ಇಬ್ಬರು ಹೆಂಗಸರು ಹೆಗಲ ಮೇಲೆ ಹೊರಬೇಕು. ಕಂಬಕ್ಕೊಂದು ಎರಡಡಿಯ ಕುಣಿ. ಬೇಸಗೆಯ ಕರಿನೆಲ ಹಾರೆಯನ್ನೇ ಹಿಂದಕ್ಕೆ ಒಗೆಯುತ್ತದೆ. ತಂತಿಯ ಸುರುಳಿ ರೈಲಿನಲ್ಲಿ ಹಾತಕಣಂಗಲೆಗೆ ಬಂದು, ಇಚಲಕರಂಜಿಯ ಅಂಗಡಿ ಹೊಕ್ಕು, ಧಣಿಯ ಗಾಡಿಯಲ್ಲಿ ಊರಿಗೆ ಬರುತ್ತಿತ್ತು. ಇಳಿಸುವವರು ಇವರು. ಇಷ್ಟಾದ ಮೇಲೆ ತಂತಿ ಬಿಗಿಯುವ ಜಗ್ಗುಗಾಲಿಯ ಕೆಲಸ. ಅದನ್ನು ಮಾವ ತಾತೋಬಾ ಕೊಲ್ಹಾಪುರದ ಒಂದು ಎರಕದ ಅಂಗಡಿಯಲ್ಲಿ ಎರಡು ದಿನ ಬಾಗಿಲಲ್ಲಿ ಕೂತು ಮಾಡಿಸಿಕೊಂಡು ಬಂದಿದ್ದ. ಹಲ್ಲಿನ ಗಾಲಿ, ಎರಡು ಮೊಳದ ಹಿಡಿಕೆ, ಗಾಲಿ ಹಿಂದೆ ತಿರುಗದಂತೆ ಒಂದು ಕೊಕ್ಕೆ. ಒಬ್ಬರು ಹಿಡಿಕೆ ಜಗ್ಗಬೇಕು, ಇನ್ನೊಬ್ಬರು ಕೊಕ್ಕೆ ಒತ್ತಬೇಕು. ಹಿಡಿಕೆ ಪಾರುಬಾಯಿಯದು, ಕೊಕ್ಕೆ ಅವಳ ಗಂಡ ಗಣಪತನದು. ಒಂದು ಹಲ್ಲು ತಪ್ಪಿದರೆ ಬಿಗಿದ ತಂತಿ ಮೈಮೇಲೆ ಹಾರುತ್ತದೆ. ಗಣಪತನಿಗೆ ಎಡಗಿವಿ ಅರ್ಧವೇ ಇತ್ತು. ಉಳಿದರ್ಧ ಒಕ್ಕಲಿಗ ಬಸಗೊಂಡನ ಬಾಳೆಯ ತೋಟಕ್ಕೆ ಗೊಬ್ಬರವಾಗಿತ್ತು.

ಬಯಾಬಾಯಿಯ ಕಾಲು ಹೋದದ್ದು ಊರಿನ ದೊಡ್ಡ ಧಣಿ ದಾದಾಸಾಹೇಬ ಪಾಟೀಲನ ಕಬ್ಬಿನ ಹೊಲದಲ್ಲಿ. ಹಗ್ಗ ಹರಿದು ಕಲ್ಲು ಪಾದದ ಮೇಲೆ ಕೂತಿತು. ಅವಳು ಕೂಗಿದ್ದು ಕೇಳಿ ದಾದಾಸಾಹೇಬ ಬದುವಿನ ಮೇಲಿಂದ ಬಂದ. ಬಗ್ಗಿ ನೋಡಿದ. "ಕಲ್ಲ ಒಡದಿಲ್ಲ ಹೌದಲ್ಲ?" ಎಂದು ಕೇಳಿದ. ಕಲ್ಲು ಒಡೆದಿರಲಿಲ್ಲ. ಅಂದಿನಿಂದ ಬಯಾಬಾಯಿ ಚಾಪೆಯ ಮೇಲೆ. ಪಾದದ ಗಾಯ ಮಾಯುವುದು, ಮತ್ತೆ ಬಾಯಿಬಿಡುವುದು. ದಿನಕ್ಕೆರಡು ಬಾರಿ ಕಾಸಿದ ನೀರಿನಲ್ಲಿ ತೊಳೆಯದಿದ್ದರೆ ಹುಳು ಬೀಳುತ್ತಿತ್ತು. ಆ ಕೆಲಸವೂ ಪಾರುಬಾಯಿಯದು.

ಈ ಮನೆಗೆ ಬೇಲಿಯ ಕೆಲಸ ಬಂದ ಬಗೆಯನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹಿಂದೆ ಊರಿನ ಗಡಿ ಕಾಯುವುದು ಅವರ ಕುಲದ ಚಾಕರಿ. ಇಬ್ಬರು ಒಕ್ಕಲಿಗರು ಬದುವಿಗಾಗಿ ಹೊಡೆದಾಡಿದರೆ ತಾತೋಬಾನ ಅಪ್ಪನನ್ನು ಕರೆಸುತ್ತಿದ್ದರು. ಅವನು ತಲೆಯ ಮೇಲೆ ಮಣ್ಣಿನ ಹೆಂಟೆ ಇಟ್ಟುಕೊಂಡು ನಡೆಯಬೇಕು. ಅವನು ನಡೆದದ್ದೇ ಗಡಿ. ಬೇರೆ ಯಾವ ಮಾತಿಗೂ ಅವನನ್ನು ಚಾವಡಿಯ ಮೆಟ್ಟಿಲು ಹತ್ತಿಸದ ಊರು, ಗಡಿಗೆ ಮಾತ್ರ ಅವನ ಕಾಲನ್ನು ನಂಬುತ್ತಿತ್ತು. ತಂತಿ ಬಂದ ಮೇಲೆ ಹೆಂಟೆ ಹೋಯಿತು, ಕಂಬ ಬಂತು. ತಾತೋಬಾ ನೆಟ್ಟ ಕಂಬವನ್ನು ಪ್ರಶ್ನೆ ಮಾಡಿದವರು ಇರಲಿಲ್ಲ. ಮುದುಕನಿಗೆ ಇದ್ದ ಒಂದೇ ಸೊಕ್ಕು ಅದು.

ಅರವತ್ತೆರಡನೆಯ ಇಸವಿ. ಅವರು ಬೌದ್ಧರಾಗಿ ಐದಾರು ವರ್ಷ ಕಳೆದಿತ್ತು. ಸತ್ತ ದನ ಹೊರುವುದನ್ನು ಬಿಟ್ಟಿದ್ದರು. ಕೇರಿಯ ಹೆಸರನ್ನೂ ಬದಲಾಯಿಸಿಕೊಂಡಿದ್ದರು. ಊರು ಮಾತ್ರ ಹಳೆಯ ಹೆಸರಿನಿಂದಲೇ ಕರೆಯುತ್ತಿತ್ತು. ಹಳೆಯ ಚಾಕರಿಗಾಗಿ ಬಿಟ್ಟಿದ್ದ ಭೂಮಿಯ ವತನ ರದ್ದಾಗಿ, ಹಳ್ಳದ ದಂಡೆಯ ಎರಡೂವರೆ ಎಕರೆ ತಾತೋಬಾನ ಹೆಸರಿಗೇ ಬಂತು. ಹೊಲದ ಮೂಲೆಯಲ್ಲಿ ಒಂದು ಬಾವಿ. ಊರಿನ ಬಾವಿ ಮುಟ್ಟಬಾರದೆಂದು ತಾತೋಬಾನ ಅಜ್ಜ ತೋಡಿದ್ದು. ಇಡೀ ಕೇರಿ ಅದೇ ನೀರು ಕುಡಿಯುತ್ತಿತ್ತು.

ಆ ಸುಗ್ಗಿ ಮುಗಿದ ಮೇಲೆ ಅವರು ಮೊದಲ ಬಾರಿಗೆ ತಮ್ಮ ಹೊಲಕ್ಕೆ ಬೇಲಿ ಹಾಕಿದರು. ಹೊಸ ತಂತಿ ಎಲ್ಲಿಂದ ಬರಬೇಕು? ಧಣಿಗಳ ಬೇಲಿಯಲ್ಲಿ ಉಳಿದ ಮೊಳದುದ್ದ, ಮಾರುದ್ದದ ತುಂಡುಗಳನ್ನು ಹತ್ತು ವರ್ಷದಿಂದ ಕೂಡಿಟ್ಟಿದ್ದರು. ಪಾರುಬಾಯಿ ಇಕ್ಕಳ ಹಿಡಿದು ಹದಿನೈದು ದಿನ ತುಂಡಿಗೆ ತುಂಡು ಹೆಣೆದಳು. ತುದಿಬೆರಳು ಬಾತು ಅನ್ನ ಕಲಸಲು ಬರುತ್ತಿರಲಿಲ್ಲ. ಆದರೂ ಅವಳು ಹಾಡು ಗುನುಗುತ್ತಿದ್ದಳು. ತನ್ನ ಹೊಲ ಎಂಬ ಮಾತು ಬಾಯಲ್ಲಿ ಇಟ್ಟುಕೊಂಡರೆ ಬೆಲ್ಲವೇ ಬೇಡ ಅನ್ನಿಸುತ್ತಿತ್ತು.

ಗಣಪತ ಬಾವಿಯ ಆಚೆಗೆ ಗೂಟ ಹೊಡೆದು ಹಗ್ಗ ಹಿಡಿದ. ಪಾರುಬಾಯಿ ಹೋಗಿ ಗೂಟ ಕಿತ್ತಳು.

"ಬಾಂವಿ ಹೊರಗಿರ್ಲಿ," ಎಂದಳು.

"ಯಾಕ? ನಮ್ಮದ ಐತೆಲ್ಲ?"

"ನಮ್ಮದ ಐತಿ ಅಂತನ ಹೊರಗಿರ್ಲಿ ಅಂತೇನಿ. ನಾಳೆ ಕೇರ್ಯಾಗಿನ ಹೌಸಾಬಾಯಿ ಕೊಡಾ ತಗೊಂಡ ಬಂದ್ರ, ಪಾರೂ ಗೇಟ ಯಾವಾಗ ತಗೀತಾಳ ಅಂತ ಆಕಿ ನನ್ನ ಮಾರಿ ನೋಡ್ಕೋತ ನಿಂದ್ರಬೇಕೇನ? ನೀರಿಗಿ ಕಾದದ್ದ ಇನ್ನೂ ಸಾಕಾಗಿಲ್ಲೇನ ನಮಗ?"

ತಾತೋಬಾ ಅವಳ ಕೈಯಿಂದ ಗೂಟ ತೆಗೆದುಕೊಂಡ. "ಕಂಬ ನಟ್ಟಲ್ಲಿ ಗಡಿ ಅಂತ ಊರು ತಿಳೀತೈತವಾ," ಎಂದ.

"ನಮ್ಮ ಹೊಲಾ, ನಮ್ಮ ಕಂಬಾ. ಊರಿಗೇನ?"

ಮುದುಕ ನಕ್ಕುಬಿಟ್ಟ. ಸೊಸೆಯ ಮಾತಿಗೆ ಅವನು ಸೋಲುತ್ತಿದ್ದದ್ದು ಅದೇ ಮೊದಲಲ್ಲ. ಕಂಬಗಳು ಬಾವಿಯ ಈಚೆಗೆ ನಿಂತವು. ಕೊನೆಯ ಗಂಟನ್ನು ಅವರು ಒಳಗೆ ನಿಂತು ಹಾಕಿದರು. ಮೂವರೂ ಒಳಗೆ. ಆಮೇಲೆ ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. ಸುಮ್ಮನೆ ನೆಲದ ಮೇಲೆ ಕೂತರು. ರೊಟ್ಟಿ ಬಿಚ್ಚಿದರು. ಜನ್ಮದಲ್ಲಿ ಅಷ್ಟು ನಿಧಾನವಾಗಿ ಅವರು ಉಂಡಿರಲಿಲ್ಲ.

ಜಗತ್ತಿನಲ್ಲಿ ಇಂಥ ತಪ್ಪನ್ನು ಯಾರು ಮಾಡುತ್ತಾರೆ? ಪಾಟೀಲನ ಮನೆಯವರು ಮಾಡುತ್ತಾರೆಯೆ? ಅವರಾಗಿದ್ದರೆ ಮೊದಲು ಬಾವಿಯನ್ನು ಒಳಗೆ ಹಾಕಿಕೊಂಡು, ಉಳಿದರೆ ಹೊಲಕ್ಕೆ ತಂತಿ ಕಟ್ಟುತ್ತಿದ್ದರು. ತಲೆತಲಾಂತರದಿಂದ ನೀರಿಗೆ ಕೈಯೊಡ್ಡಿ ನಿಂತವರು ಮಾತ್ರ, ಕೈಗೆ ಬಂದ ನೀರನ್ನು ಬೇಲಿಯ ಹೊರಗೆ ಬಿಡಬಲ್ಲರು.

ದಾದಾಸಾಹೇಬನ ಕಬ್ಬು ಬಾವಿಯ ಮಗ್ಗುಲಿಂದ ಹಳ್ಳದ ಆಚೆಯವರೆಗೂ ಬೆಳೆದಿತ್ತು. ಮರುವರ್ಷ ಅವನು ಎಣ್ಣೆ ಇಂಜಿನ್ ತಂದ. ಇಂಜಿನ್ ಇತ್ತು, ಅದಕ್ಕೆ ಸಾಕಾಗುವಷ್ಟು ನೀರಿನ ಬಾವಿ ಇರಲಿಲ್ಲ. ಒಂದು ಸೋಮವಾರ ತಾತೋಬಾನನ್ನು ಚಾವಡಿಗೆ ಕರೆಸಿದ. ಊರಿನ ಜಮೀನಿನ ಲೆಕ್ಕ ಬರೆಯುವ ತಲಾಠಿ ದಪ್ತರ ಬಿಚ್ಚಿ ಕೂತಿದ್ದ. ಊರಿನ ಹಿರಿಯರು ಗೋಡೆಗೆ ಒರಗಿದ್ದರು. ತಾತೋಬಾ ಮೆಟ್ಟಿಲ ಕೆಳಗೆ ನಿಂತ. ಪಾರುಬಾಯಿ ಅವನ ಹಿಂದೆ, ಹತ್ತು ಹೆಜ್ಜೆ ದೂರದಲ್ಲಿ.

"ತಾತ್ಯಾ," ಎಂದ ದಾದಾಸಾಹೇಬ. ದನಿಯಲ್ಲಿ ಬೆಣ್ಣೆ. "ನಿಮ್ಮಪ್ಪ ಊರ ಗಡಿ ತೋರಸ್ತಿದ್ದ. ಹೌದಲ್ಲ?"

"ಹೌದ್ರಿ ಸರಕಾರ."

"ನೀ ಕಂಬಾ ನಟ್ಟ ಮ್ಯಾಲ ಯಾರರ ತಂಟೆ ತಗದಾರೇನ?"

"ಇಲ್ರಿ. ಇಪ್ಪತ್ತ ವರ್ಷಾತು, ಒಬ್ರೂ ತಗದಿಲ್ರಿ." ಮುದುಕನ ಬೆನ್ನು ನೆಟ್ಟಗಾಯಿತು.

"ಅಂದ್ರ ನೀ ಗಡಿಮ್ಯಾಲನ ಕಂಬಾ ನಡತಿ. ಮನಸಿಗಿ ಬಂದಲ್ಲಿ ನಡಾಂವ ಅಲ್ಲ."

ಮಾತು ಎಲ್ಲಿಗೆ ಹೊರಟಿದೆ ಎಂದು ಪಾರುಬಾಯಿಗೆ ತಿಳಿಯಿತು. ತಾತೋಬಾನಿಗೂ ತಿಳಿಯಿತು. ಅಲ್ಲ ಎಂದರೆ ಏಳು ಹಳ್ಳಿಯ ಬೇಲಿಗಳೂ ಸುಳ್ಳು, ಅವನ ಹೆಸರೂ ಸುಳ್ಳು, ನಾಳೆಯಿಂದ ಕೆಲಸವಿಲ್ಲ. ಹೌದು ಎಂದರೆ ಬಾವಿ ಹೋಯಿತು.

"ಗಡಿಮ್ಯಾಲನ ನಡತೇನ್ರಿ. ಆದ್ರ ಆ ಬಾಂವಿ ನಮ್ಮಜ್ಜಾ..."

"ಸಾಕ. ತಲಾಠಿ, ಬರಕೋರಿ. ಬಾಂವಿ ಅವನ ಬೇಲಿ ಹೊರಗೈತಿ. ಆ ಕಡೆ ಭೂಮಿ ನನ್ನ ವಹಿವಾಟಿನ್ಯಾಗ ಐತಿ."

ಪಾರುಬಾಯಿ ಮುಂದೆ ಬಂದಳು. "ಬಾಂವಿ ಹೊರಗ ಬಿಡ್ರಿ ಅಂದಾಕಿ ನಾನ್ರಿ! ಮಂದಿ ನೀರ ಕುಡೀಲಿ ಅಂತ ಬಿಟ್ಟೇವ್ರಿ. ಮಾವನ ತಪ್ಪಿಲ್ರಿ ಅದರಾಗ."

"ಮಂದಿ ಕುಡೀಲಿ ಅಂತ ಬಾಂವಿ ಬಿಡಾಕ ನೀವೇನ ಇನಾಮದಾರರೇನ?" ಎಂದ ದಾದಾಸಾಹೇಬ. ಚಾವಡಿ ನಕ್ಕಿತು. ಬಸಗೊಂಡನೂ ನಕ್ಕ. ಅವನ ಮೊಳದಗಲದ ಬದುವಿಗಾಗಿ ತಾತೋಬಾ ಒಂದು ದಿನವಿಡೀ ಉರಿಬಿಸಿಲಲ್ಲಿ ಹಗ್ಗ ಹಿಡಿದಿದ್ದ. ಇಡೀ ಊರಿನ ಗಡಿಗೆ ಈ ಮುದುಕನ ಮಾತು ಬೇಕಾಗಿತ್ತು. ಅವನ ಗಡಿಗೆ ಅವನ ಮಾತು ಬೇಡವಾಗಿತ್ತು.

ದೂರು ಹೇಳಲು ಗಡಹಿಂಗ್ಲಜದ ತಾಲೂಕು ಕಚೇರಿಗೆ ಮೂರು ಬಾರಿ ನಡೆದರು. ಮೂರನೆಯ ಬಾರಿ ಕಾರಕೂನ ತಲೆಯೆತ್ತಿದ. "ಕುಂಪಣ ತುಮ್ಹೀಚ ಘಾತಲಂ ನಾ? ಮಗ ರಡತಾ ಕಶಾಲಾ?" ಎಂದ. ಬೇಲಿ ನೀವೇ ಹಾಕಿಕೊಂಡು ಈಗ ಅಳುವುದೇಕೆ ಎಂಬ ಮಾತು. ಹೊಲದ ನಕಾಶೆ ಕೊಲ್ಹಾಪುರದಲ್ಲಿದೆಯಂತೆ. ಅಳೆಯುವವರು ಪಾಳಿ ಬಂದಾಗ ಬರುತ್ತಾರಂತೆ. ಪಾಳಿ ಯಾವಾಗ ಎಂದು ಗಣಪತ ಕೇಳಿದ. ಕಾರಕೂನ ಪುನಃ ತಲೆ ಬಗ್ಗಿಸಿದ್ದ.

ವಾರದೊಳಗೆ ಪಾಟೀಲನ ಗಾಡಿ ಕೇರಿಗೆ ಬಂತು. ಗಾಡಿಯಲ್ಲಿ ಹೊಸ ತಂತಿಯ ಎರಡು ಸುರುಳಿ. ಮುಂದೆ ದಾದಾಸಾಹೇಬ, ಹಿಂದೆ ಅವನ ಆಳು ಸಿದ್ರಾಮ.

"ಬಾಂವಿ ಸುತ್ತ ಬೇಲಿ ಆಗಬೇಕು. ನಾಕ ಸಾಲ. ನಾಳಿಂದ ಚಾಲೂ ಮಾಡ್ರಿ," ಎಂದ. ಅದರಲ್ಲಿ ಹಗೆಯೂ ಇರಲಿಲ್ಲ. ಊರಿನಲ್ಲಿ ಬೇಲಿ ಹಾಕುವವರು ಅವರೊಬ್ಬರೇ, ಆದ್ದರಿಂದ ಅವರಿಗೆ ಹೇಳಿದ, ಅಷ್ಟೆ. ಅವರ ಕರುಳನ್ನು ಅವರ ಕೈಯಿಂದಲೇ ಕಟ್ಟಿಸುತ್ತಿದ್ದೇನೆ ಎಂದು ಅವನಿಗೆ ಹೊಳೆಯಲೂ ಇಲ್ಲ.

ತಾತೋಬಾ ನೆಲ ನೋಡಿದ. ಗಣಪತ ಅಪ್ಪನನ್ನು ನೋಡಿದ. ಪಾರುಬಾಯಿ ಅತ್ತೆಯ ಕಾಲು ತೊಳೆಯುತ್ತಿದ್ದವಳು ಎದ್ದು ಬಂದಳು. ಕೈಯಲ್ಲಿ ಇನ್ನೂ ಕೀವಿನ ಅರಿವೆ.

"ನಾ ಹಿಡಿಕಿ ಜಗ್ಗಂಗಿಲ್ರಿ."

"ಯಾರ ಮಾತಾಡಾಕತ್ತಾರ?" ದಾದಾಸಾಹೇಬ ಸಿದ್ರಾಮನ ಕಡೆ ತಿರುಗಿ ಕೇಳಿದ.

"ನಾ ಪಾರುಬಾಯಿ. ನಿಮ್ಮ ಐದೂ ಹೊಲದ ತಂತಿ ಜಗ್ಗಿದಾಕಿ ನಾನ. ಇದನ್ನ ಜಗ್ಗಂಗಿಲ್ಲ. ನಮ್ಮ ನೀರಿಗಿ ನಮ್ಮ ಕೈಲೆ ಮುಳ್ಳ ಹಚ್ಚಂಗಿಲ್ಲ. ಏನ ಮಾಡ್ತೀರಿ ಮಾಡ್ರಿ."

ಕೇರಿಯ ಹೆಂಗಸರು ಬಾಗಿಲುಗಳಲ್ಲಿ ನಿಂತಿದ್ದರು. ದಾದಾಸಾಹೇಬ ಬೈಯಲಿಲ್ಲ. ಕೈಯೆತ್ತಲಿಲ್ಲ. "ಬರೋಬರಿ," ಎಂದ. ತಂತಿಯ ಸುರುಳಿಗಳನ್ನು ಅಲ್ಲಿಯೇ ಇಳಿಸಿ ಗಾಡಿ ಹೊಡೆಸಿಕೊಂಡು ಹೋದ.

ಅವನು ಮಾಡಿದ್ದು ಇಷ್ಟೇ. ಏಳು ಹಳ್ಳಿಗಳಿಗೆ ಒಂದು ಮಾತು ಹೇಳಿ ಕಳಿಸಿದ. ಬಸಗೊಂಡ ಮಾತುಕೊಟ್ಟಿದ್ದ ಕೆಲಸ ಬೇಡ ಎಂದ. ನೂಲಿನವರು ಬೇಡ ಎಂದರು. ಕಳೆ ಕೀಳಲು ಹೋದರೂ ಬೇಡ. ಕಿರಾಣಿ ಅಂಗಡಿಯವನು ಪಾರುಬಾಯಿಗಿಂತ ಹಿಂದೆ ಬಂದವರಿಗೆಲ್ಲ ಜೋಳ ಅಳೆದು, ಅವಳ ಪಾಳಿ ಬಂದಾಗ ಚೀಲ ಕಟ್ಟಿದ. ಒಂದು ತಿಂಗಳು ಜಗ್ಗುಗಾಲಿ ಮೂಲೆಯಲ್ಲಿ ಕೂತಿತು. ತಾತೋಬಾ ಬೆಳಿಗ್ಗೆ ಎದ್ದು ಅದಕ್ಕೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಿದ. ಎಣ್ಣೆ ಇರಲಿಲ್ಲ. ಹೊಲದ ಪೈರಿಗೆ ಇನ್ನೂ ಎರಡು ತಿಂಗಳು ಬೇಕಿತ್ತು. ಹೊಟ್ಟೆಗೆ ಹಾಗೆಲ್ಲ ತಡ ಮಾಡಿ ಗೊತ್ತಿಲ್ಲ. ಹಳ್ಳದ ತೊಪ್ಪಲು ಕುದಿಸಿ ತಿಂದರು. ಬಯಾಬಾಯಿ ತನ್ನ ಪಾಲನ್ನು ಸೊಸೆಯ ತಟ್ಟೆಗೆ ಸರಿಸುವಳು, ಸೊಸೆ ಮಾವನ ತಟ್ಟೆಗೆ ಸರಿಸುವಳು.

ಮೂವತ್ತೆರಡನೆಯ ದಿನ ಗಣಪತ ಹಾರೆ ಎತ್ತಿಕೊಂಡ. ತಾತೋಬಾ ಜಗ್ಗುಗಾಲಿ ಹೊತ್ತ. ಪಾರುಬಾಯಿ ಬಾಗಿಲಿಗೆ ಅಡ್ಡ ನಿಂತಳು.

"ನೀವ ಹಾಕಿದ್ರ ಕೇರಿ ಮಂದಿ ಮಾರಿ ಹೆಂಗ ನೋಡ್ತೀರಿ?"

"ನಾ ಹಾಕಲಿಲ್ಲಂದ್ರ ಬ್ಯಾರೆ ಊರವ್ರ ಬಂದ ಹಾಕ್ತಾರ," ಎಂದ ಗಣಪತ. "ನೀ ಖರೆ ಅದಿ ಪಾರೂ. ನೀ ಖರೆ ಅದಿ ಅಂತ ಅವ್ವಗ ತಿನಸಾಕ ಬರ್ತೈತೇನ? ಬಾಜೂಕ ಸರಿ."

ಅವಳು ಸರಿದಳು. ಬಾಗಿಲು ಬಿಟ್ಟದ್ದಕ್ಕೆ ಅವಳು ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ. ಆದರೆ ಬಿಟ್ಟಳು.

ಅವಳ ಬದಲು ಹಿಡಿಕೆ ಜಗ್ಗಿದವನು ತಾತೋಬಾ. ಅರವತ್ತು ದಾಟಿದ ಮುದುಕ. ನಾಲ್ಕು ದಿನ. ಮೂರನೆಯ ದಿನ ಕೆಮ್ಮಿದರೆ ರಕ್ತ ಬಂತು. ಉಗಿದು, ಕಾಲಿನಿಂದ ಮಣ್ಣು ಮುಚ್ಚಿ, ಮತ್ತೆ ಹಿಡಿಕೆ ಹಿಡಿದ. ಕೆಲಸ ಮುಗಿದ ಮೇಲೆ ಪಾರುಬಾಯಿ ಹೋಗಿ ನೋಡಿದಳು. ನಾಲ್ಕು ಸಾಲು ತಂತಿ. ಕೆಳಗಿನ ಸಾಲು ನೆಲದಿಂದ ಒಂದು ಗೇಣು. ಎಲ್ಲಾದರೂ ಸಡಿಲ ಬಿಟ್ಟಿದ್ದಾರೆಯೇ, ಒಂದು ಕೊಡ ತೂರುವಷ್ಟಾದರೂ, ಎಂದು ಸುತ್ತ ನಡೆದು ನೋಡಿದಳು. ಎಲ್ಲೂ ಇಲ್ಲ. ಅಪ್ಪನಿಗೂ ಮಗನಿಗೂ ಕೆಟ್ಟ ಕೆಲಸ ಮಾಡಲು ಬರುತ್ತಿರಲಿಲ್ಲ. ಹಾಳಾದ ಕೈಗಳು. ಅವಳಿಗೆ ಅವರಿಬ್ಬರನ್ನೂ ಹೊಡೆಯಬೇಕೆನ್ನಿಸಿತು, ತಬ್ಬಿ ಅಳಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ ಮನೆಗೆ ಬಂದಳು.

ದಾದಾಸಾಹೇಬ ಇಂಜಿನ್ ಹಚ್ಚಿ ಬಾವಿಯ ನೀರನ್ನೆಲ್ಲ ಹೊರಗೆ ಚೆಲ್ಲಿಸಿದ. ಹೊಸ ಸೆಲೆ ತುಂಬುವವರೆಗೆ ಕಾದ. ಆಮೇಲೆ ಗಂಜಳ ಸಿಂಪಡಿಸಿದ. ತಾತೋಬಾನ ಅಜ್ಜ ಅಗೆದ ಬಾವಿಯನ್ನು ತಾತೋಬಾನ ಮೈಲಿಗೆಯಿಂದ ತೊಳೆದದ್ದು ಹೀಗೆ. ಕೇರಿಯ ಹಿರಿಯರು ಹೋಗಿ ಕೈಮುಗಿದರು. ಅವನು ದೊಡ್ಡ ಮನಸ್ಸು ಮಾಡಿದ. "ನೀರ ಇಲ್ಲಂತ ಯಾರ ಅಂದಾರ? ಹೊರಗ ನಿಂದರ್ರಿ, ಸಿದ್ರಾಮ ಹಾಕತಾನ," ಎಂದ.

ಮರುದಿನದಿಂದ, ಪಾಟೀಲನ ಮನೆಯ ಮಾಳಿಗೆಗೆ ಕಾಣುವಂತೆ, ಬಾವಿಯ ಮುಂದೆ ಸಾಲು. ತಂತಿಯ ಒಳಗೆ ಸಿದ್ರಾಮ. ಹೊರಗೆ ಹೆಂಗಸರು. ಅವನು ಸೇದಿ, ತಂತಿಯ ಮೇಲಿಂದ, ಎರಡು ಮೊಳದ ಎತ್ತರದಿಂದ ಕೊಡಕ್ಕೆ ಹುಯ್ಯುವನು. ಅರ್ಧ ಕೊಡಕ್ಕೆ, ಅರ್ಧ ಮಣ್ಣಿಗೆ. ನಿನ್ನೆಯವರೆಗೆ ಮೆಟ್ಟಿಲಿಳಿದು ಮುಖ ತೊಳೆದುಕೊಂಡು, ನಗುತ್ತ, ಜಗಳಾಡುತ್ತ ತುಂಬಿಕೊಂಡ ನೀರು.

ಪಾರುಬಾಯಿ ಸಾಲಿಗೆ ಹೋಗಲಿಲ್ಲ. ನಾಲ್ಕು ದಿನ ಹಳ್ಳದ ಉಸುಕು ಕೆದರಿ, ಚಿಪ್ಪಿನಿಂದ ಬಳಿದು ತಂದಳು. ಚೈತ್ರದ ಬಿಸಿಲು. ಐದನೆಯ ದಿನ ಉಸುಕಿನ ಕೆಳಗೆ ಕಲ್ಲು ಬಂತು. ಬಯಾಬಾಯಿಗೆ ಜ್ವರ. ಕಾಲಿನ ಅರಿವೆ ಹಿಂದಿನ ದಿನದಿಂದ ಬಿಚ್ಚಿರಲಿಲ್ಲ. ಬಿಚ್ಚಿದರೆ ತೊಳೆಯಬೇಕು. ಪಾರುಬಾಯಿ ಕೊಡ ಎತ್ತಿಕೊಂಡು ಸಾಲಿನಲ್ಲಿ ನಿಂತಳು. ಮುಂದೆ ನಿಂತಿದ್ದ ಹೌಸಾಬಾಯಿ ತಿರುಗಿ ನೋಡಿ, ಮುಂದಕ್ಕೆ ತಿರುಗಿದಳು.

ಅವಳ ಪಾಳಿ ಬಂತು. ಬಿಸಿಲಿಗೆ ಕಣ್ಣು ಕತ್ತಲೆ ಬಂದಂತಾಗಿ ತಂತಿಯ ಮೇಲೆ ಕೈಯೂರಿದಳು.

"ತಂತಿ ಮುಟ್ಟಬ್ಯಾಡ," ಎಂದ ಸಿದ್ರಾಮ. "ಕಬ್ಬಿಣದ ಗುಂಟ ಮೈಲಿಗಿ ಒಳಗ ಬರ್ತೈತಿ ಅಂದಾರ ಸರಕಾರ್ರು."

ಅವಳು ಕೈ ತೆಗೆಯಲಿಲ್ಲ. ಆ ಕೈಯನ್ನೇ ನೋಡಿದಳು.

"ಅಕ್ಕಾ, ನಾ ಏನ ಮಾಡ್ಲಿ?" ಅವನ ದನಿ ಸಣ್ಣದಾಯಿತು. ಅವನೂ ಹೊಟ್ಟೆಗಿಲ್ಲದವನೇ. "ಅವರು ಮಾಳಗಿಮ್ಯಾಲ ನಿಂತ ನೋಡಾಕತ್ತಾರ. ಕೈ ತಗಿ."

ಅವಳು ಕೈ ತೆಗೆದಳು. ಕೊಡ ಒಡ್ಡಿದಳು. ನೀರು ಮೇಲಿಂದ ಬಿತ್ತು. ಮುಖಕ್ಕೆ ಸಿಡಿಯಿತು, ಎದೆಗೆ ಸಿಡಿಯಿತು. ಈ ಸಲ ಸಿದ್ರಾಮ ತಡೆದು ತಡೆದು ಹುಯ್ದ. ಕೊಡ ಕಂಠದವರೆಗೆ ತುಂಬಿತು. ಅವಳು ಅದನ್ನು ಸೊಂಟಕ್ಕೇರಿಸಿದಳು. ಎರಡು ಹೆಜ್ಜೆ ನಡೆದಳು. ತಿರುಗಿ ಬಂದಳು. ಮಾಳಿಗೆಯ ಕಡೆ ಮುಖ ಮಾಡಿ ನಿಂತು, ಕೊಡವನ್ನು ಎರಡೂ ಕೈಯಿಂದ ಎತ್ತಿ ಬೋರಲು ಹಾಕಿದಳು. ಹನಿಯೂ ಉಳಿಯದಂತೆ ತಳ ಬಡಿದಳು.

"ನಿನ್ನ ಭಿಕ್ಷಾ ನೀನ ಕುಡಿ!" ಎಂದು ಕೂಗಿದಳು.

ಸಾಲಿನ ಹೆಂಗಸರಲ್ಲಿ ಯಾರೂ ಕೊಡ ಬೋರಲು ಹಾಕಲಿಲ್ಲ. ಒಬ್ಬಳು ಕಣ್ಣೊರೆಸಿಕೊಂಡಳು. ಇನ್ನೊಬ್ಬಳು ಮುಂದೆ ಬಂದು ತನ್ನ ಕೊಡ ಒಡ್ಡಿದಳು.

ಪಾರುಬಾಯಿ ಮನೆಗೆ ಬಂದಳು. ಖಾಲಿ ಕೊಡವನ್ನು ಮೂಲೆಗಿಟ್ಟಳು. ಅತ್ತೆಯ ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದಳು. ಬಯಾಬಾಯಿ ಕಣ್ಣು ಮುಚ್ಚಿ ಕೇಳಿದಳು. ಅವಳ ಒಣಗಿದ ತುಟಿಯ ಮೇಲೆ ನೊಣ ಕೂತಿತ್ತು.

"ಛಲೋ ಮಾಡಿದಿ," ಎಂದಳು. "ಭಾಳ ಛಲೋ ಮಾಡಿದಿ, ನನ್ನವ್ವಾ."

ಸೊಸೆಯ ಕೈ ಹುಡುಕಿ ಹಿಡಿದುಕೊಂಡಳು. ಜ್ವರದ ಕೈ ಕೆಂಡದಂತೆ ಸುಡುತ್ತಿತ್ತು. ಆಮೇಲೆ ಮುದುಕಿ, ನಾಚಿಕೊಂಡವಳ ಹಾಗೆ, ಗೋಡೆಯ ಕಡೆ ತಿರುಗಿ ಅಂದಳು.

"ಒಂದ ತಂಬಗಿ ಉಳಿಸ್ಕೊಂಡ ಚೆಲ್ಲಿದ್ರ ಆಗ್ತಿತ್ತವಾ."

ಪಾರುಬಾಯಿ ಎದ್ದಳು. ಕೊಡ ಎತ್ತಿಕೊಂಡಳು. ಬಾವಿಯ ಮುಂದೆ ಸಾಲು ಇನ್ನೂ ಕರಗಿರಲಿಲ್ಲ. ಅವಳು ಹೋಗಿ ಕೊನೆಯಲ್ಲಿ ನಿಂತಳು.